ಅಥ್ಮಾನನ ಪಾಲು

ಜನಾಜಾವನ್ನು ಮಸೀದಿಯ ಮುಂದೆ ಇಳಿಸಿ, ಸತ್ತ ತಂಡೇಲ ಫಮಾವುವಿನ ಮಗ ಶೀ, ನೆರೆದಿದ್ದ ಜನರತ್ತ ತಿರುಗಿದ. ಅಪ್ಪನಿಂದ ಯಾರಿಗಾದರೂ ನೋವಾಗಿದ್ದರೆ ಹೇಳಿಬಿಡಿ, ಇಲ್ಲವೇ ಮನ್ನಿಸಿಬಿಡಿ ಎಂದು ಕೇಳಿಕೊಂಡ. ಲಾಮು ದ್ವೀಪದಲ್ಲಿ ಹಾಗೆ ಕೇಳುವುದು ವಾಡಿಕೆ. ಯಾರೂ ಬಾಯಿ ಬಿಡುವುದಿಲ್ಲ. ತಗಡಿನ ವ್ಯಾಪಾರಿ ಅಥ್ಮಾನ್ ಬಿಟ್ಟ.

"ನಂಗಾಗಿದೆ. ದಿನಾ ಬೆಳಿಗ್ಗೆ ನನ್ನ ಅಂಗಡಿ ಜಗುಲಿ ಮೇಲೆ ಕೂತು, ಬಂದೋರಿಗೆಲ್ಲ ಅದೊಂದೇ ಕತೆ. ಒಂದಿನ ನೆಮ್ಮದಿಯಾಗಿ ಕಾಫಿ ಕುಡಿದಿಲ್ಲ ನಾನು."

ಹಿಂದಿನ ಸಾಲಿನಲ್ಲಿ ಯಾರೋ ನಗು ನುಂಗಿಕೊಂಡರು.

"ಮನ್ನಿಸ್ತೀಯೋ ಇಲ್ವೋ?" ಇಮಾಮರು ರೇಗಿದರು.

ಅಥ್ಮಾನ್ ಹೋಗಿ ಸಾಲಿನಲ್ಲಿ ನಿಂತ. ನಮಾಜು ಮುಗಿದದ್ದೇ, ಮುಂದೆ ಬಂದು ಜನಾಜಾಕ್ಕೆ ಹೆಗಲು ಕೊಟ್ಟ.

*

ವರ್ಷಗಳ ಹಿಂದೆ ಮೊಂಬಾಸದಿಂದ ಬರುವಾಗ ಕಿಪಿನಿಯ ಬಳಿ ಗಾಳಿ ಎದ್ದು ಫಮಾವುವಿನ ಹಾಯಿಹಡಗು ಒಂದು ಮಗ್ಗುಲಿಗೆ ವಾಲಿತ್ತು. ಕೈಗೆ ಸಿಕ್ಕಿದ್ದು ವಿಧವೆ ಸೊಮೋಯೆಯ ಅಕ್ಕಿ ಮೂಟೆಗಳು. ಅವನ್ನೇ ನೀರಿಗೆ ತಳ್ಳಿಸಿದ. ಹಡಗು ಉಳಿಯಿತು. ಎಲ್ಲರನ್ನೂ ಉಳಿಸಲು ಒಬ್ಬರ ಸರಕು ಹೋದರೆ, ಉಳಿದ ಸರಕಿನವರೂ ಹಡಗಿನವನೂ ಸೇರಿ ಆ ನಷ್ಟ ಹಂಚಿಕೊಳ್ಳಬೇಕು. ಅದು ಅಜ್ಜಂದಿರ ಕಾಲದ ಕಡಲ ನ್ಯಾಯ. ಸಕ್ಕರೆಯವನು ಕೊಟ್ಟ. ಬಟ್ಟೆಯವನು ಗೊಣಗುತ್ತ ಕೊಟ್ಟ. ಅಥ್ಮಾನ್ ಮಾತ್ರ ಜಗ್ಗಲಿಲ್ಲ.

"ನನ್ನ ತಗಡು ತಳದಲ್ಲಿತ್ತು. ಅದನ್ನ ಯಾರು ಮುಟ್ಟಿದ್ರು?"

"ಆಕೆ ಅಕ್ಕಿ ಹೋಗದಿದ್ರೆ ಈಗ್ಲೂ ತಳದಲ್ಲೇ ಇರ್ತಿತ್ತು ಮಾರಾಯ. ಸಮುದ್ರದ ತಳದಲ್ಲಿ," ಎಂದ ಫಮಾವು.

ಅಥ್ಮಾನನ ಪಾಲನ್ನೂ ಫಮಾವುವೇ ತುಂಬಿದ. ಆಮೇಲೆ ಕಾಲಿನಲ್ಲಿ ತ್ರಾಣ ಇರುವವರೆಗೂ ಅವನ ಜಗುಲಿ ಬಿಡಲಿಲ್ಲ.

*

ಮಣ್ಣು ಮಾಡಿ ಬಂದ ಅಥ್ಮಾನ್ ತನ್ನ ಪಾಲಿನ ಲೆಕ್ಕಕ್ಕೆ ಕತ್ತೆಯ ಮೇಲೆ ತಗಡು ಹೇರಿಸಿ ಸೊಮೋಯೆಯ ಬಾಗಿಲು ತಟ್ಟಿದ. ತನಗೆ ಬರಬೇಕಾದದ್ದು ಎಂದೋ ಬಂದಿದೆ, ಕೊಟ್ಟವರ ಮನೆಗೆ ಕೊಡು ಎಂದು ಅವಳು ಒಳಗಿನಿಂದಲೇ ಹೇಳಿದಳು. ಕತ್ತೆಯನ್ನು ಬಯ್ಯುತ್ತ ಫಮಾವುವಿನ ಮನೆಗೆ ಬಂದ. ಪರದೆಯ ಹಿಂದಿನಿಂದ ಫಮಾವುವಿನ ಹೆಂಡತಿ ಜೆನಾ, ಈ ಹೊತ್ತಿನಲ್ಲಿ ಇದೇನು ಗದ್ದಲ, ವಾಪಸ್ ಒಯ್ಯಿ ಎಂದಳು.

"ಬದುಕಿದ್ದಾಗ ಕೊಡು ಕೊಡು ಅಂತ ಜೀವ ತಿಂದ," ಎಂದ ಅಥ್ಮಾನ್. "ಈಗ ಕೊಡ್ತೀನಂದ್ರೆ ತಗೊಳ್ಳೋರೇ ಇಲ್ಲ."

"ನನ್ನ ಜೀವ ತಿಂದಿಲ್ವಾ? ಅಡುಗೆಮನೆ ಸೋರ್ತಿದೆ ಅಂದಾಗ್ಲೆಲ್ಲ, ಅಥ್ಮಾನ್ ಕೊಡ್ಲಿ, ಹೊದಿಸೋಣ ಅಂತಿದ್ರು. ಕೇಳಿ ಕೇಳಿ ಸಾಕಾಗಿದೆ."

ಅಥ್ಮಾನ್ ಕತ್ತೆಯನ್ನು ಹಿತ್ತಲತ್ತ ತಿರುಗಿಸಿದ.

ಇಳಿಹೊತ್ತಿನ ಅಸರ್ ನಮಾಜಿನ ನಂತರ ಒಳಗೆ ಕುರಾನ್ ಓದು ನಡೆದಿದ್ದಾಗ ಹಿತ್ತಲಲ್ಲಿ ಸುತ್ತಿಗೆಯ ಸದ್ದೆದ್ದಿತು. ಓದುವವರು ಮುಖ ಸಿಂಡರಿಸಿದರು. ಶೀ ಸಿಟ್ಟಿನಿಂದ ಹೊರಗೆ ಬಂದ. ಬಿಳಿ ನಿಲುವಂಗಿಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿಕೊಂಡು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಮುದುಕ ಅಥ್ಮಾನ್ ಅಡುಗೆಮನೆಗೆ ಒರಗಿಸಿದ ಏಣಿಯ ತುದಿಯಲ್ಲಿ ನಿಂತಿದ್ದ. ಏಣಿ ಅಲುಗುತ್ತಿತ್ತು.

ಶೀ ಹೋಗಿ ಅದರ ಕಾಲು ಹಿಡಿದುಕೊಂಡ.