ನಾಲ್ಕನೇ ಪಂಚಮಿ

ಲಿಂಗಸುಗೂರಿನ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕರಿಕೋಟು ಹಾಕುತ್ತಿದ್ದೇನೆ. ಸುಳ್ಳು ಸಾಕ್ಷಿ ನೋಡಿದ್ದೇನೆ, ಸತ್ತವರ ಹೆಬ್ಬೆಟ್ಟು ನೋಡಿದ್ದೇನೆ. ಉಡಿ ತುಂಬುತ್ತಲೇ ತಂಗಿಯ ಹೊಲ ನುಂಗಿದವನನ್ನು ನೋಡಿದ್ದು ಮಾತ್ರ ಜಂಬಮ್ಮನ ಕೇಸಿನಲ್ಲಿ.

ಮಸ್ಕಿ ಹತ್ತಿರ ಕಾಲುವೆ ಕೆಳಗಿನ ಎರಡು ಎಕರೆ ಅವಳದು. ಅಪ್ಪ ಸಾಯುವ ಮೊದಲು ಪಾಲು ಮಾಡಿ ಕೊಟ್ಟದ್ದು. ಪಹಣಿ ಅಣ್ಣ ಅಮರಗುಂಡಪ್ಪನ ಹೆಸರಿನಲ್ಲೇ ಉಳಿದಿತ್ತು. ಸಿಂಧನೂರಿನ ಮಿಲ್ಲಿನವನೊಬ್ಬ ಆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದಾಗ ಅವಳು ನನ್ನ ಬಳಿ ಬಂದಳು. ಅವನ ಮೇಲೆ ತಡೆಯಾಜ್ಞೆ ಕೇಳಿ ದಾವೆ ಹಾಕಿದೆ. ಜುಲೈ ಹನ್ನೆರಡಕ್ಕೆ ಅವನು ಉತ್ತರ ಸಲ್ಲಿಸಿದ, ಜೊತೆಗೆ ನೋಂದಣಿಯಾದ ಖರೀದಿ ಪತ್ರ. ಮಾರಿದವನು ಅಮರಗುಂಡಪ್ಪ.

"ದಾವಾ ತಿದ್ದಬೇಕು ಜಂಬಮ್ಮಾ. ನಿಮ್ಮಣ್ಣನ್ನೂ ಪಾರ್ಟಿ ಮಾಡಿ, ಈ ಖರೀದಿ ನಿನ್ನ ಪಾಲಿಗೆ ನಡಿಯಂಗಿಲ್ಲ ಅಂತ ಇವತ್ತಿನಿಂದ ಮೂರು ವರ್ಷದೊಳಗ ಕೇಳಬೇಕು. ಬರೇ ತಡೆಯಾಜ್ಞೆ ಸಾಲಂಗಿಲ್ಲ," ಎಂದೆ.

"ಮುಂದಿನ ತಿಂಗಳು ಪಂಚಮಿ ಐತ್ರಿ ಸಾಹೇಬ್ರ. ಅಣ್ಣ ತವರಿಗೆ ಕರಿಯಾಕ ಬರ್ತಾನ. ಅವನ ಮ್ಯಾಲ ಕೋರ್ಟಿನ ಕಾಗದ ಕಳಿಸಿ, ಅವನ ಮನ್ಯಾಗ ಉಂಡಿ ಹ್ಯಾಂಗ ತಿನ್ನಲಿ?"

ಅವನು ಬಂದ. ಕಾರಿನಲ್ಲಿ ಬಂದ. ತಂಗಿಗೆ ಇಳಕಲ್ ಸೀರೆ ಉಡಿಸಿ, ಉಡಿ ತುಂಬಿ, ಮಿಲ್ಲಿನವನಿಗೆ ಹೇಳಿ ಹೊಲ ಬಿಡಿಸಿಕೊಡುತ್ತೇನೆಂದು ಮಾತು ಕೊಟ್ಟು ಕಳಿಸಿದ. ಮರುವರ್ಷವೂ ಅದೇ ಸೀರೆ, ಅದೇ ಮಾತು. ಮೂರನೆಯ ವರ್ಷವೂ ಬಂದ. ಹೇಳಿ ಹೇಳಿ ನನಗೂ ಸಾಕಾಗಿತ್ತು. ವಾಯಿದೆಗಳು ಬೀಳುತ್ತಿದ್ದವು, ನಾನು ತಾರೀಖು ಬರೆದುಕೊಂಡು ಬರುತ್ತಿದ್ದೆ. ತಪ್ಪು ನನ್ನದೂ ಇದೆ. ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತದೆ.

ನಾಲ್ಕನೇ ಪಂಚಮಿಗೆ ಯಾರೂ ಬರಲಿಲ್ಲ. ಚೀಲ ಕಟ್ಟಿಕೊಂಡು ಎರಡು ದಿನ ಕಾದಳಂತೆ. ಫೋನು ಮಾಡಿದರೆ ಅಣ್ಣ ಎತ್ತಲಿಲ್ಲ. ಸೋಮವಾರ ನನ್ನೆದುರು ಬಂದು ನಿಂತು, "ತಿದ್ರಿ," ಎಂದಳು.

ಫೈಲು ತೆಗೆದು ತಾರೀಖು ಎಣಿಸಿದೆ. ಖರೀದಿ ಪತ್ರ ಗೊತ್ತಾದ ದಿನದಿಂದ ಕಾನೂನು ಕೊಡುವುದು ಮೂರು ವರ್ಷ. ಅದು ಮುಗಿದು ಒಂದು ತಿಂಗಳಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ತಿದ್ದುಪಡಿಗೆ ಅರ್ಜಿ ಬರೆದೆ. ಅಫಿಡವಿಟ್ಟಿನಲ್ಲಿ, ನಾವು ವಕೀಲರು ಯಾವಾಗಲೂ ಬರೆಯುವ ಹಾಗೆ, "ಕಣ್ತಪ್ಪಿನಿಂದ ಬಿಟ್ಟುಹೋಗಿದೆ" ಎಂದು ಬರೆದೆ.

"ಮೂರು ವರ್ಷ ಕಣ್ತಪ್ಪೇ?" ಎಂದು ನ್ಯಾಯಾಧೀಶರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಜಂಬಮ್ಮ ಎದ್ದು ನಿಂತಳು.

"ಕಣ್ತಪ್ಪಲ್ರಿ ಸಾಹೇಬ್ರ. ಅಣ್ಣ ಪಂಚಮಿಗೆ ಬರತಿದ್ದ."

ಎದುರು ವಕೀಲ ನಕ್ಕ. ನ್ಯಾಯಾಧೀಶರು ನಗಲಿಲ್ಲ, ಆದರೆ ಹದಿನೈದು ದಿನದ ಮೇಲೆ ಅರ್ಜಿ ವಜಾ ಮಾಡಿದರು. ಗೊತ್ತಿದ್ದೂ ಸುಮ್ಮನಿದ್ದಾಳೆ, ಅವಧಿ ಮೀರಿದೆ ಎಂದು ಆದೇಶ. ಕಾನೂನಿನಲ್ಲಿ ಕಣ್ತಪ್ಪಿಗಾದರೂ ಒಂದಿಷ್ಟು ಜಾಗವಿದೆ, ಪಂಚಮಿಗೆ ಇಲ್ಲ.

ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದೆ. ಮೇಲಿನ ಕೋರ್ಟಿಗೆ ಹೋಗೋಣ ಎಂದೆ. ನನ್ನ ಮಾತು ನನಗೇ ಪೊಳ್ಳು ಅನ್ನಿಸಿತು. ಸಿಟ್ಟೆಲ್ಲ ಅಮರಗುಂಡಪ್ಪನ ಮೇಲೆ ತಿರುಗಿತು.

"ಲೆಕ್ಕ ಹಾಕಿ ಕೈ ಬಿಟ್ಟಾನ ನೋಡು. ಯಾವ ವಕೀಲ ಕಲಿಸಿಕೊಟ್ಟಾನೋ ಆ ಹರಾಮಖೋರಗ!"

ಜಂಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವಗ ವಕೀಲ ಯಾಕ ಬೇಕ್ರಿ? ಮೊದಲನೇ ಪಂಚಮಿಗೆ ಕಾರಿನ್ಯಾಗ ಕೇಳಿದ, ಕೋರ್ಟಿಗೆ ನನ್ನ ಹೆಸರು ಕೊಟ್ಟೀಯೇನು ಅಂತ. ಇಲ್ಲಣ್ಣ, ಅವಸರ ಇಲ್ಲ, ಮೂರು ವರ್ಷ ಟೈಮ್ ಐತಿ ಅಂತ ನಮ್ಮ ಸಾಹೇಬ್ರು ಹೇಳ್ಯಾರ ಅಂದೆ. ಯಾವತ್ತಿನಿಂದ ಮೂರು ವರ್ಷ ಅಂತ ಕೇಳಿದ. ತಾರೀಖು ನಾನೇ ಹೇಳಿದೆ."