ಓರೆಗೆರೆಯಿಲ್ಲದ ಮಾಳಿಗೆ

ನಾನೊಂದು ಮೂಲೆಮಟ್ಟ. ಅಂಗೈಯಗಲದ ಪ್ಲಾಸ್ಟಿಕ್ ತ್ರಿಕೋನ. ಯಂತ್ರ ನನ್ನನ್ನು ಹಾಳೆಯಿಂದ ಕತ್ತರಿಸಿ ಹಾಕಿದಾಗ ಎರಡು ನೇರ ಅಂಚುಗಳೂ ಒಂದು ಓರೆ ಅಂಚೂ ದಕ್ಕಿದವು. ಆ ಓರೆ ಅಂಚಿನ ಬಗ್ಗೆ ನನಗೆ ಮೊದಲಿನಿಂದಲೂ ಒಂಚೂರು ಜಂಬ.

ನನ್ನನ್ನು ಕೊಂಡವಳು ಕುಂದಾಪುರದ ವಾರಿಜ. ಮನೆಗಳ ನಕ್ಷೆ ಬರೆಯಲು ಕಲಿಯುತ್ತಿದ್ದಳು. ಅವಳ ಊರಿನ ಮನೆಗಳಿಗೆಲ್ಲ ಇಳಿಜಾರು ಮಾಡು, ಕೆಂಪು ಹಂಚು. ಅಂಥ ಮಾಡನ್ನು ಮೇಲಿನಿಂದ ಕಂಡಂತೆ ಬರೆಯುವಾಗ ನಾಲ್ಕು ಮೂಲೆಗಳಿಂದ ಒಳಕ್ಕೆ ಓರೆಗೆರೆ ಎಳೆಯಬೇಕು. ಆ ಗೆರೆಗಳೆಲ್ಲ ನನ್ನವು. ಆಮೇಲೆ ನನ್ನನ್ನು ಎಳ್ಳಷ್ಟೆಳ್ಳಷ್ಟೇ ಸರಿಸುತ್ತ ಹಂಚಿನ ಸಾಲು ಮೂಡಿಸುತ್ತಿದ್ದಳು. ಗೆರೆ ಮುಗಿಯುವವರೆಗೆ ಉಸಿರು ಬಿಗಿಹಿಡಿಯುವಳು. ಬಿಟ್ಟಾಗ ನನ್ನ ಮೈಯೆಲ್ಲ ಮಂಜು.

ಮದುವೆಯಾಗಿ ಅವಳು ಗದಗಕ್ಕೆ ಬಂದಳು, ಸೀರೆಗಳ ನಡುವೆ ನಾನೂ ಬಂದೆ. ಇಲ್ಲಿ ನೋಡಿದರೆ ಎಲ್ಲ ಮನೆಗೂ ಇಳಿಜಾರು ಮಾಡಿನ ಬದಲು ಮಟ್ಟಸ ಮಾಳಿಗೆ! ಅವಳು ಸೇರಿದ ಕಚೇರಿಯಲ್ಲಿ ಮಾಳಿಗೆಯ ನಕ್ಷೆ ಎಂದರೆ ಬರೀ ಖಾಲಿ ಚೌಕ. ಒಂದು ನೀರಿನ ಟಾಕಿ, ಮೆಟ್ಟಿಲು ಹತ್ತಿ ಬರುವ ಬಾಯಿ, ಅಷ್ಟೇ. ನನ್ನ ಓರೆ ಅಂಚಿಗೆ ಕೆಲಸವೇ ಇಲ್ಲ. ನಾನು ಮೇಜಿನ ಮೂಲೆಯಲ್ಲಿ ಮುನಿಸಿಕೊಂಡು ಬಿದ್ದಿರುತ್ತಿದ್ದೆ. ವಾರಿಜಳೂ ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವಳ ಕುಂದಾಪುರದ ಕನ್ನಡಕ್ಕೆ ಅಲ್ಲಿಯವರು ನಗುತ್ತಿದ್ದರು.

ಒಂದು ದಿನ ಬಸ್ ಕಂಡಕ್ಟರ್ ಈರಣ್ಣ ಬಂದ.

"ಬಾಯಾರ, ನಮ್ಮಕ್ಕಗ ಒಂದು ಮನಿ ಕಟ್ಟಬೇಕ್ರಿ. ನನ್ನ ಎತ್ತಿ ಆಡಿಸಿ ದೊಡ್ಡಾವ್ನ ಮಾಡ್ಯಾಳ. ಉಡುಪಿ ಕಡೆ ಡ್ಯೂಟಿ ಹೋದಾಗ ನೋಡೇನಿ, ಕೆಂಪ ಹಂಚಿನ ಮನಿ. ಹಂತಾದ್ದ ಬೇಕು. ಓಣಿ ಮಂದಿ ಬಾಯ್ ತಕ್ಕೊಂಡು ನೋಡಬೇಕು!"

ವಾರಿಜಳ ಬೆರಳು ನನ್ನನ್ನು ಹುಡುಕಿದ ಬಗೆಯನ್ನು ಏನೆಂದು ಹೇಳಲಿ! ಎಷ್ಟೋ ದಿನಗಳ ಮೇಲೆ ಓರೆಗೆರೆ, ಹಂಚಿನ ಸಾಲು, ಮಂಜು. ಅವಳು ತಾನೇ ಯೋಚಿಸಿ ಬರೆದ ಮೊದಲ ಮನೆ ಅದು. ಈರಣ್ಣ ನಕ್ಷೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಸ್ಸಿನಲ್ಲಿ ಕಂಡವರಿಗೆಲ್ಲ ತೋರಿಸಿದನಂತೆ.

ಪಾಯ ತೆಗೆಯುವ ಮುಂಚಿನ ವಾರ ವಾರಿಜ ಅಳತೆ ನೋಡಲು ಈರಣ್ಣನ ಹಳೆಯ ಮನೆಗೆ ಹೋದಳು. ಅವಳ ಚೀಲದಲ್ಲಿ ನಾನಿದ್ದೆ. ಅಕ್ಕ ನೀಲಗಂಗವ್ವ ಮಣ್ಣಿನ ಮಾಳಿಗೆಯ ಮೇಲೆ ಸೀರೆ ಹಾಸಿ ಹಪ್ಪಳ ಹರವುತ್ತಿದ್ದಳು. ಹಪ್ಪಳ ಮಾರಿಯೇ ತಮ್ಮನನ್ನು ಸಾಕಿದವಳು. ಈಗಲೂ ಅದೇ ಅವಳ ಬದುಕು.

"ಬಾಯಾರ, ನಿಮ್ಮೂರಾಗ ಹಪ್ಪಳ ಎಲ್ಲಿ ಒಣಗಸ್ತಾರ?"

"ಅಂಗಳದಲ್ಲಿ."

"ನಮಗೆಲ್ಲೇತ್ರಿ ಅಂಗಳ? ಬಾಗಿಲಾ ತಗದ್ರ ಓಣಿ, ಹಂದಿ." ಅವಳು ನಕ್ಕಳು. "ಹಂಚಿನ ಮ್ಯಾಲ ಹರವಿದ್ರ ಜಾರಿ ಮಂದಿ ತಲಿ ಮ್ಯಾಲ ಬೀಳ್ತಾವ."

ವಾರಿಜ ಅಳತೆಯ ಪಟ್ಟಿ ಕೆಳಗಿಟ್ಟಳು. "ತಮ್ಮನಿಗೆ ಹೇಳಲಿಲ್ವಾ?"

"ಹೆಂಗ್ ಹೇಳ್ಲಿ? ಅಕ್ಕಗ ಹಂತಾ ಮನಿ, ಇಂತಾ ಮನಿ ಅಂತ ಕುಣೀತಾನ. ನೀವೂ ಹೇಳಬ್ಯಾಡ್ರಿ ಮತ್ತ. ನಾ ಬ್ಯಾರೆ ಏನರ ಮಾಡ್ತೇನಿ."

ಹೇಳುವುದಿಲ್ಲವೆಂದು ವಾರಿಜ ತಲೆಯಾಡಿಸಿದಳು. ಆದರೆ ಅವಳ ಮುಖ ಬಾಡಿಹೋಗಿತ್ತು. ಇಂಥ ಮನೆ ಎದ್ದರೆ ಆ ಹೆಂಗಸಿನ ಕೆಲಸವೇ ನಿಂತುಹೋಗುತ್ತದೆ. ಎದ್ದು ನಿಲ್ಲುವುದಾದರೋ ವಾರಿಜಳದೇ ಗೆರೆಗಳಿಂದ, ನನ್ನ ಗೆರೆಗಳಿಂದ.

ಮರುದಿನ ಅವಳು ಹೊಸ ಹಾಳೆ ಹಾಸಿದಳು. ಈ ಸಲ ನನ್ನ ನೇರ ಅಂಚುಗಳನ್ನಷ್ಟೇ ಬಳಸಿದಳು. ಮಟ್ಟಸ ಮಾಳಿಗೆ, ಖಾಲಿ ಚೌಕ. ನಾನು ಒಳಗೊಳಗೇ ಕುಗ್ಗಿದೆ. ಆಮೇಲೆ ಕೈವಾರ ಎತ್ತಿಕೊಂಡಳು. ಆ ಖಾಲಿ ಚೌಕದೊಳಗೆ ಪುಟ್ಟ ಪುಟ್ಟ ಸುತ್ತುಗಳನ್ನು ಸಾಲಾಗಿ ಬರೆದಳು. ಸಾಲಿನ ಕೊನೆಗೆ, ಮೇಲಿನಿಂದ ಕಂಡಂತೆ, ಕೂತ ಹೆಂಗಸೊಬ್ಬಳ ತುರುಬು.

ಈರಣ್ಣನ ಮುಂದೆ ಹಾಳೆ ಬಿಚ್ಚಿಟ್ಟು ಕಿಟಕಿಯ ಕಡೆ ನೋಡುತ್ತ ನಿಂತಳು.

"ಮಾಳಿಗಿ ಯಾಕ್ ಬರದ್ರೀ? ಹಂಚ ಎಲ್ಲಿ?" ಈರಣ್ಣನ ದನಿ ಏರಿತು. "ಇವೇನು, ಈ ದುಂಡಗಿನವು? ಇಷ್ಟೊಂದು ಟಾಕಿ ಏನ್ರಿ?"

ಈರಣ್ಣ ಹಾಳೆಯನ್ನು ಹತ್ತಿರ ಎಳೆದುಕೊಂಡ. ಅವನ ಬೆರಳು ಒಂದೊಂದೇ ಸುತ್ತಿನ ಮೇಲೆ ಸರಿಯುತ್ತ ತುರುಬಿನ ಹತ್ತಿರ ಬಂದು ನಿಂತಿತು.

"ನಮ್ಮಕ್ಕ," ಅಂದ. ಹಾಳೆಯನ್ನು ಅಂಗೈಯಿಂದ ಸವರಿ, "ಎಂಥಾ ಹುಚ್ಚ ನೋಡ್ರಿ ನಾ. ಮಾಳಿಗೀನ ಕಸಗೊಂಡು ಮನಿ ಕೊಡಾಕ ಹೊಂಟಿದ್ದೆ."

ಜೇಬಿನಿಂದ ಹಂಚಿನ ಮನೆಯ ನಕ್ಷೆ ತೆಗೆದು ಮೇಜಿನ ಮೇಲಿಟ್ಟ. ಮಡಿಕೆಗಳಲ್ಲಿ ಸವೆದಿತ್ತು. "ಇದೂ ಭಾಳ ಚಂದಿತ್ರಿ, ಬಾಯಾರ."

"ನನಗೂ ಹಾಗೇ ಕಂಡಿತ್ತು," ಅಂದಳು ವಾರಿಜ ಮೆಲ್ಲಗೆ.

ಮುಂದೆ ಕಚೇರಿಗೆ ಕಂಪ್ಯೂಟರ್ ಬಂತು. ನನ್ನ ಮೈ ಹಳದಿಯಾಯಿತು, ತುದಿಯೊಂದು ಮುರಿಯಿತು. ಹಪ್ಪಳ ಕೊಡಲು ಬಂದ ನೀಲಗಂಗವ್ವ ನನ್ನನ್ನು ಎತ್ತಿ ತಿರುಗಿಸಿ ನೋಡಿ, "ಇದನ್ನ ನನಗ ಕೊಡ್ರಿ, ಶಂಕರಪಾಳಿ ಕೊಯ್ಯಾಕ ಬರತೈತಿ," ಎಂದು ಸೆರಗಿಗೆ ಒರೆಸಿಕೊಂಡಳು. ವಾರಿಜ ಕೊನೆಯ ಸಲ ನನ್ನ ಮೇಲೆ ಉಸಿರೂದಿ, ಉಜ್ಜಿ, ಕೊಟ್ಟಳು.

ಈಗ ಹಬ್ಬ ಬಂದರೆ ಹಿಟ್ಟಿನ ಮೇಲೆ ಓರೆಗೆರೆ ಎಳೆಯುತ್ತೇನೆ. ಉಳಿದ ದಿನ, ವಾರಿಜ ಬರೆದಂತೆಯೇ ಎದ್ದ ಆ ಮನೆಯ ಮಾಳಿಗೆಯ ಗೂಡಿನಲ್ಲಿರುತ್ತೇನೆ. ನಿವೃತ್ತನಾದ ಈರಣ್ಣ ಕೋಲು ಹಿಡಿದು ಕಾಗೆ ಕಾಯುತ್ತಾನೆ.

"ಅಕ್ಕಾ, ಹಂಚಿನ ಮನಿ ಆಗಿದ್ರ ನಾ ಎಲ್ಲಿ ಕೂಡ್ತಿದ್ದೆ?"

"ಜಾರಿ ಓಣ್ಯಾಗ ಬಿದ್ದಿರ್ತಿದ್ದಿ. ಬಾಯಿ ಮುಚ್ಚಿ ಕಾಗಿ ಓಡಸು."

ನನ್ನ ಓರೆ ಅಂಚು ಎಷ್ಟೋ ಮಾಡುಗಳನ್ನು ಬರೆಯಿತು. ಅವುಗಳಲ್ಲಿ ಒಂದೂ ಎದ್ದು ನಿಂತದ್ದನ್ನು ನಾನು ಕಂಡಿಲ್ಲ. ಆ ಅಂಚಿನ ಒಂದು ಗೆರೆಯೂ ಇಲ್ಲದ ಈ ಮಾಳಿಗೆಯ ಮೇಲೆ, ಬಿಸಿಲಿಗೆ ಮೈಯೊಡ್ಡಿ, ಅಕ್ಕ ತಮ್ಮನ ಜಗಳ ಕೇಳುತ್ತ ಮಲಗಿದ್ದೇನೆ.