ಟಯರಿನೊಳಗೆ ಹತ್ತಿ

ಮೆತ್ತನೆಯ ಟಯರು ಕಲ್ಲನ್ನು ಹಿಡಿಯುತ್ತದೆ, ಗಟ್ಟಿ ಟಯರು ಜಾರುತ್ತದೆ. ಇಷ್ಟು ಸಣ್ಣ ವಿಷಯವನ್ನು ಅಣ್ಣನ ತಲೆಗೆ ಇಳಿಸುವಷ್ಟರಲ್ಲಿ ಸೋಮೇಶನಿಗೆ ಸಾಕುಬೇಕಾಗಿತ್ತು.

"ಅಷ್ಟು ಮೆತ್ತಗಿದ್ರ ಲಗೂನ ಸವದು ಹೋಗಂಗಿಲ್ಲೇನು?" ಫೋನಿನಲ್ಲಿದ್ದ ಆಟಿಕೆ ಟ್ರಕ್ಕಿನ ಟಯರಿನ ಚಿತ್ರವನ್ನು ಹಿಗ್ಗಿಸಿ ನೋಡುತ್ತ ಉದಯಕುಮಾರ ಕೇಳಿದ.

"ಸವೀಲಿ ಬಿಡು. ನಾನೇನು ವರ್ಷಾನುಗಟ್ಲೆ ಓಡಿಸ್ತೀನೇನು?"

ಉದಯಕುಮಾರ ಆರ್ಡರು ಒತ್ತಿದ.

ಸೋಮೇಶನಿಗೆ ಮೂವತ್ತು ದಾಟಿತ್ತು. ಕಾಲಿನಿಂದ ಶುರುವಾದ ಸ್ನಾಯುಗಳ ಸೊರಗು ಸೊಂಟಕ್ಕೆ ಏರಿ, ಭುಜ ಮುಗಿಸಿ, ಎಡಗೈಯನ್ನು ತೆಗೆದುಕೊಂಡು ಈಗ ಬಲಗೈಗೆ ಕೈ ಹಾಕಿತ್ತು. ಇದಕ್ಕೆ ಮದ್ದಿಲ್ಲವೆಂದು ಹೈದರಾಬಾದಿನ ಡಾಕ್ಟರು ತೆಲುಗಿನಲ್ಲಿ ಹೇಳಿದ್ದರು. ಬಳ್ಳಾರಿಯ ಡಾಕ್ಟರು ಅದನ್ನೇ ಕನ್ನಡದಲ್ಲಿ ಹೇಳಿದರು. ಉಳಿದದ್ದೆಂದರೆ ಬಲಗೈಯ ಹೆಬ್ಬೆರಳು, ತೋರುಬೆರಳು. ರಿಮೋಟಿನ ಟ್ರಿಗರು ಎಳೆಯಲು ಒಂದು, ಪುಟ್ಟ ಗಾಲಿ ತಿರುಗಿಸಲು ಇನ್ನೊಂದು.

ರಿಮೋಟಿನಿಂದ ಓಡುವ ಆ ಮೊಳದುದ್ದದ ಟ್ರಕ್ಕು ಕಲ್ಲು ಹತ್ತಲೆಂದೇ ಮಾಡಿದ್ದು. ಅದನ್ನು ಕೋಟೆ ಗುಡ್ಡದ ಬೋಳು ಬಂಡೆಯ ಮೇಲೆ, ನೆತ್ತಿಯ ಸಮತಟ್ಟಿನ ತನಕ ತಾನೇ ಹತ್ತಿಸಬೇಕು. ಒಂದೇ ಒಂದು ಸಲ, ಬೆರಳು ಹೋಗುವುದರೊಳಗೆ, ಇನ್ನೊಬ್ಬರು ಮುಟ್ಟದಂತೆ. ಸೋಮೇಶನ ಆಸೆಗಳೆಲ್ಲ ಸೋಸಿ ಸೋಸಿ ತಳದಲ್ಲಿ ಉಳಿದದ್ದು ಇಷ್ಟು.

ಟ್ರಕ್ಕು ಮೊದಮೊದಲು ಪ್ಲಾಸ್ಟಿಕ್ ಗೇರು ಮುರಿದುಕೊಂಡಿತು. ಲೋಹದ ಗೇರು ಬಂತು. ಗೇರು ಗಟ್ಟಿಯಾದದ್ದೇ ಶಾಫ್ಟು ತಿರುಚಿಕೊಂಡಿತು. ಉಕ್ಕಿನ ಶಾಫ್ಟು ಹಾಕಿದರೆ ಆಕ್ಸಲಿನ ಗೂಡು ಸೀಳಿತು. ಒಂದನ್ನು ಗಟ್ಟಿ ಮಾಡಿದರೆ ಪೆಟ್ಟು ಪಕ್ಕದ್ದಕ್ಕೆ ದಾಟುತ್ತಿತ್ತು. ಈ ಚಾಳಿ ಸೋಮೇಶನಿಗೆ ಹೊಸದೇನಲ್ಲ, ತನ್ನ ಮೈಯಲ್ಲೇ ಕಂಡದ್ದು. ಆದರೆ ಉದಯಕುಮಾರನದು ಬೇರೆಯೇ ನಂಬಿಕೆ. ರಿಪೇರಿಯಾಗದ್ದು ಲೋಕದಲ್ಲಿಲ್ಲ, ಸರಿಯಾದ ಸಾಮಾನು ಇನ್ನೂ ಬಂದಿಲ್ಲ ಅಷ್ಟೇ. ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ವ್ಯಾಪಾರ ಮುಗಿಸಿ ಮನೆಗೆ ಬಂದವನೇ ಸ್ಕ್ರೂಡ್ರೈವರು ಹಿಡಿದು ತಮ್ಮನ ಮಂಚದ ಪಕ್ಕ ಕೂರುತ್ತಿದ್ದ. ಮುಂದಿನ ಚಕ್ರಗಳಿಗೆ ಹಿತ್ತಾಳೆಯ ತೂಕ ಹಾಕಿದ, ಮೂತಿ ಎತ್ತಿ ಪಲ್ಟಿಯಾಗದಿರಲಿ ಎಂದು. ದಿಕ್ಕು ತಿರುಗಿಸುವ ಮೋಟರು ಬದಲಿಸಿದ.

"ಈ ಬಂಡಿಗೆ ಹಾಕಿದ್ದೆಲ್ಲ ನನ್ನ ಆಟೋಕ್ಕ ಹಾಕಿದ್ರ, ಗುಂತಕಲ್ ತನಕ ನೆಲ ಮುಟ್ಟದಂಗ ಹೋಗ್ತಿದ್ದೆ ನೋಡ್ರಿ ಸಾವ್ಕಾರ," ಎಂದ ದಸ್ತಗಿರಿ. ಸೋಮೇಶನನ್ನು ಗುಡ್ಡದ ಬುಡಕ್ಕೆ ಕರೆದೊಯ್ಯುವ ಗೂಡ್ಸ್ ಆಟೋ ಅವನದು.

"ನಿನ್ನ ಆಟೋಕ್ಕ ಮೊದ್ಲು ಬ್ರೇಕ್ ಹಾಕ್ಸಲೇ," ಎಂದ ಸೋಮೇಶ.

ಟಯರುಗಳು ಬಂದವು. ಮುಟ್ಟಿದರೆ ಕಿವಿಯ ಹಾಲೆಯಂತಿದ್ದವು. ಇಂಥ ಟಯರಿಗೆ ಗಾಳಿ ತುಂಬುವುದಿಲ್ಲ, ಒಳಗೆ ಸ್ಪಂಜಿನ ಬಳೆ ಕೂಡಿಸಬೇಕು. ಆ ಬಳೆ ಡಬ್ಬಿಯಲ್ಲಿ ಇರಲಿಲ್ಲ. ಅದನ್ನು ಬೇರೆಯೇ ತರಿಸಬೇಕಿತ್ತು.

ಉದಯಕುಮಾರ ನಕ್ಕುಬಿಟ್ಟ. "ಆದೋನಿಯಂಥ ಹತ್ತಿ ಊರಾಗ ಕುಂತು ಸ್ಪಂಜಿಗೆ ಕಾಯೋದೇನಲೇ? ಇಡೀ ದೇಶಕ್ಕ ಗಾದಿ ತುಂಬೋರು ನಾವು."

ಗೋದಾಮಿನಿಂದ ಬೀಜ ತೆಗೆದ ಒಳ್ಳೆಯ ಹತ್ತಿ ಬಂತು. ತಾಯಿ ಗುರುಶಾಂತಮ್ಮ ದೇವರ ಬತ್ತಿ ಹೊಸೆಯುವುದನ್ನು ಬದಿಗಿಟ್ಟು ಅದನ್ನು ಎಳೆ ಎಳೆಯಾಗಿ ಹಿಂಜಿದಳು. "ಬಿಗಿ ಮಾಡಬ್ಯಾಡಪ್ಪ, ಉಸಿರಾಡಂಗ ತುಂಬು," ಎಂದು ಹಿರಿಮಗನ ಕೈಯಿಂದ ಟಯರು ಕಸಿದು ತಾನೇ ತುಂಬಿದಳು. ಸ್ಪಂಜೇ ಆಗಬೇಕೆಂದು ಸೋಮೇಶ ಓದಿದ್ದ. ಏಕೆಂಬುದನ್ನೂ ಓದಿದ್ದ. ಆದರೆ ಆ ಮನೆಯಲ್ಲಿ ಮೂವರೂ ಒಂದೇ ಕೆಲಸಕ್ಕೆ ಕೂತು ನಕ್ಕು ಎಷ್ಟೋ ಕಾಲವಾಗಿತ್ತು. ಸುಮ್ಮನಿದ್ದ. ಉದಯಕುಮಾರ ಟಯರನ್ನು ಚಕ್ರಕ್ಕೆ ಅಂಟು ಹಚ್ಚಿ ಕೂಡಿಸಿದ. ಒಮ್ಮೆ ಅಂಟಿದರೆ ಮುಗಿಯಿತು, ಕೊಯ್ದೇ ತೆಗೆಯಬೇಕು.

ಒಣ ಬಂಡೆಯ ಮೇಲೆ ಹತ್ತಿ ತುಂಬಿದ ಟಯರಿನಿಂದ ಟ್ರಕ್ಕು ಹಲ್ಲಿಯಂತೆ ಏರಿತು. ಕೆಳಗಿನ ಬಂಡೆಗಳನ್ನು ಸೋಮೇಶ ಒಂದೊಂದಾಗಿ ದಾಟಿಸಿದ. "ಮುಂದಿನ ಐತವಾರ ಮ್ಯಾಲಕ," ಎಂದು ಅಣ್ಣ ಬೆನ್ನು ತಟ್ಟಿದ.

ಆ ಐತವಾರದ ಮುನ್ನಾದಿನ ಮಳೆ ಬಿತ್ತು. ಗುಡ್ಡದ ಬುಡದ ಎರೆ ಮಣ್ಣಿನಲ್ಲಿ ನೀರು ನಿಂತಿತ್ತು. ಬಂಡೆ ಮುಟ್ಟಲು ಅದನ್ನು ದಾಟಲೇಬೇಕು. ಉದಯಕುಮಾರ ಟ್ರಕ್ಕನ್ನು ಎತ್ತಿ ದಾಟಿಸಲು ಬಗ್ಗಿದ.

"ಮುಟ್ಟಬ್ಯಾಡ," ಎಂದು ಸೋಮೇಶ ನೀರಿಗೇ ಇಳಿಸಿದ.

ಚಕ್ರದ ಸಣ್ಣ ರಂಧ್ರಗಳಿಂದ ನೀರು ಒಳಗೆ ಹೋಯಿತು. ಸ್ಪಂಜಾಗಿದ್ದರೆ ಅದನ್ನು ಹಿಂಡಿ ಹೊರಬಿಡುತ್ತಿತ್ತು. ಹತ್ತಿ ನೀರು ಕುಡಿದು, ಉಂಡೆಕಟ್ಟಿ, ಟಯರಿನ ಒಂದು ಮಗ್ಗುಲಿಗೆ ಸೇರಿತು. ಟ್ರಕ್ಕು ಬಂಡೆಯ ಮೇಲೆ ನಾಲ್ಕು ಕಾಲೂ ಕುಂಟಾದ ಕುರಿಯಂತೆ ಕುಪ್ಪಳಿಸಿ ಮಗುಚಿಕೊಂಡಿತು. ಬಿಸಿಲಿಗೆ ಇಟ್ಟರೂ ಒಳಗಿನದು ಒಣಗಲಿಲ್ಲ, ಮುಗ್ಗಲು ವಾಸನೆ ಹೊಡೆಯಿತು. ಕೊಯ್ದು ನೋಡಿದರೆ ಕಪ್ಪು ಮುದ್ದೆ.

"ನೀ ಹೇಳಬೇಕಿಲ್ಲೇನು?" ಎಂದ ಉದಯಕುಮಾರ.

"ನಿನ್ನ ಮಾರಿ ನೋಡಿ ಹ್ಯಾಂಗ ಹೇಳಲಿ?"

ಅಂಥ ಟಯರು ಈಗ ಯಾವ ಅಂಗಡಿಯಲ್ಲೂ ಇರಲಿಲ್ಲ. ಪರದೇಶದಿಂದ ಬರಬೇಕು, ಕಾಯಿರಿ ಎಂದು ಅಂಗಡಿಯವರು ಬರೆದರು. ಕಾದರು. ಶ್ರಾವಣ ಬಂತು, ಉರುಕುಂದದ ಜಾತ್ರೆಗೆ ಹೋಗುವ ಜನ ಮನೆಮುಂದೆ ಹಾದುಹೋದರು, ಶ್ರಾವಣ ಮುಗಿಯಿತು. ಒಂದು ಬೆಳಿಗ್ಗೆ ಸೋಮೇಶನ ಕೈಯಿಂದ ಚಹಾದ ಚಮಚ ಬಿತ್ತು. ಗುರುಶಾಂತಮ್ಮ ಅದನ್ನೆತ್ತಿ, ತೊಳೆದು, ತಾನೇ ಕುಡಿಸಿದಳು.

ಟಯರು ಬಂದಾಗ ಜೊತೆಗೆ ಸ್ಪಂಜೂ ಬಂತು. ಉದಯಕುಮಾರ ಅವತ್ತೇ ಅಂಟಿಸಿದ. ರಿಮೋಟಿನ ಟ್ರಿಗರಿನೊಳಗಿನ ಸ್ಪ್ರಿಂಗನ್ನು ತೆಗೆದು ಅದಕ್ಕಿಂತ ಸಡಿಲವಾದದ್ದೊಂದನ್ನು ಹಾಕಿ, "ಈಗ ಎಳಿ ನೋಡು, ಬೆಣ್ಣಿ," ಎಂದ.

ಬಂಡೆ ಒಣಗಿತ್ತು, ಬಿಸಿಲು ಹದವಾಗಿತ್ತು, ಯಾವುದಕ್ಕೂ ಕುಂದಿರಲಿಲ್ಲ. ದಸ್ತಗಿರಿ ಆಟೋದ ಹಿಂಬದಿಯಲ್ಲಿ ಸೋಮೇಶನನ್ನು ದಿಂಬಿಗೆ ಆನಿಸಿ ಕೂರಿಸಿದ. ಟ್ರಕ್ಕು ಹೊರಟಿತು. ಬಂಡೆಯ ನಡುಮಟ್ಟದ ತನಕ ಅದು ಹೋದ ಚೆಂದಕ್ಕೆ ದಸ್ತಗಿರಿ ಬೀಡಿ ಹಚ್ಚುವುದನ್ನು ಮರೆತ. ಅಲ್ಲಿಂದ ಮೇಲೆ ಬಂಡೆ ಕಡಿದಾಗುತ್ತದೆ. ಟ್ರಿಗರನ್ನು ಪೂರ್ತಿ ಎಳೆದು ಹಿಡಿದಿರಬೇಕು. ಸೋಮೇಶ ಎಳೆದ. ಬೆರಳು ಎಳೆಯಲಿಲ್ಲ. ಟ್ರಿಗರಿನ ಮೇಲೆ ಅದು ಇತ್ತು, ಕಣ್ಣಿಗೆ ಕಾಣುತ್ತಿತ್ತು, ಆದರೆ ಅವನ ಮಾತು ಅಲ್ಲಿಯ ತನಕ ತಲುಪುತ್ತಿರಲಿಲ್ಲ. ಟ್ರಕ್ಕು ನಿಂತು, ಮೆಲ್ಲಗೆ ಹಿಂದಕ್ಕೆ ಸರಿಯಿತು.

"ಮತ್ತೊಮ್ಮೆ," ಎಂದ ಅಣ್ಣ.

ಮತ್ತೊಮ್ಮೆಯೂ ಅಷ್ಟೇ. ಮತ್ತೂ ಒಮ್ಮೆ.

"ನಾನು ಒತ್ತಿ ಹಿಡೀಲೇನು? ನೀ ದಿಕ್ಕು ತಿರುಗ್ಸು."

ಸೋಮೇಶ ಕಣ್ಣಲ್ಲೇ ರಿಮೋಟನ್ನು ತೋರಿಸಿದ. "ನೀನೇ ಹತ್ಸು," ಎಂದ.

ಉದಯಕುಮಾರನ ಕೈಯಲ್ಲಿ ಟ್ರಕ್ಕು ಎಲ್ಲಿಯೂ ಜಾರಲಿಲ್ಲ. ಟಯರು ಕಲ್ಲನ್ನು ಹಿಡಿದವು, ಗೇರು ತಾಳಿದವು, ಹಿತ್ತಾಳೆ ಮೂತಿಯನ್ನು ನೆಲಕ್ಕೆ ಒತ್ತಿತು. ಸೋಮೇಶ ಆರಿಸಿದ ಒಂದೊಂದು ಭಾಗವೂ ತಪ್ಪಿಲ್ಲದೆ ದುಡಿಯಿತು. ನೆತ್ತಿಯ ಅಂಚಿನಲ್ಲಿ ಒಮ್ಮೆ ಆಕಾಶಕ್ಕೆ ಎದುರಾಗಿ ಕಂಡು ಆಚೆಗೆ ಮರೆಯಾಯಿತು.

"ಏರ್ತಲೇ, ಸೋಮು," ಎಂದ ಉದಯಕುಮಾರ. ರಿಮೋಟನ್ನು ತಮ್ಮನ ತೊಡೆಯ ಮೇಲಿಟ್ಟು, ಚಪ್ಪಲಿ ಬಿಟ್ಟು ಬಂಡೆ ಹತ್ತಲು ಹೊರಟ.

ಸ್ವಲ್ಪ ಹೊತ್ತಿಗೆ ಮೇಲಿಂದ ಫೋನು ಬಂತು. ದಸ್ತಗಿರಿ ಅದನ್ನು ಸೋಮೇಶನ ಕಿವಿಗೆ ಹಿಡಿದ.

"ಸೋಮು, ಇಲ್ಲಿ ಪೂರಾ ಸಪಾಟೈತಿ. ನನ್ನ ಕಡೆ ಒಂಚೂರು ಓಡ್ಸು ನೋಡಾಣ. ಇಲ್ಲಿ ಜೋರು ಬೇಕಾಗಿಲ್ಲ, ಮೆಲ್ಲಕ ಮುಟ್ಟಿದ್ರ ಸಾಕು."

ರಿಮೋಟಿನ ಹಸಿರು ದೀಪ ಉರಿಯುತ್ತಿತ್ತು. ಸೋಮೇಶ ಬೆರಳಿಗೆ ಹೇಳಿ ನೋಡಿದ. ಅದು ಅಲುಗಲಿಲ್ಲ.

"ಬ್ಯಾಟರಿ ಮುಗದೈತಣ್ಣ," ಎಂದ. "ಎತ್ತಿಕೊಂಡು ಬಾ."

"ಸರಿಲೇ. ಮುಂದಿನ ಸಲ ದೊಡ್ಡ ಬ್ಯಾಟರಿ ತರಿಸಾಣ."

"ಹೂಂ," ಎಂದ ಸೋಮೇಶ. ದಸ್ತಗಿರಿ ಹಸಿರು ದೀಪವನ್ನು ನೋಡಿದ, ಸೋಮೇಶನನ್ನು ನೋಡಿದ. ಫೋನನ್ನು ಜೇಬಿಗಿಳಿಸಿ ಆಟೋದ ಮುಂದಕ್ಕೆ ಹೋಗಿ ಕೂತ.